ಇಲ್ಲಿ ಕುಂತವರೊಳಗ ಯಾರ್ ಓದ್ಯಾರ?

ಮೊನ್ನೆ ಬೆಳಗಾವಿಯಲ್ಲಿ ವೈಜ್ಞಾನಿಕ ಕಥೆಗಳ ಸಂಕಲನವೊಂದಕ್ಕೆ ಪ್ರಶಸ್ತಿ ಕೊಟ್ಟರು. ಶಾಲು, ಹಾರ, ಫಲತಾಂಬೂಲ ಎಲ್ಲ ಆಯಿತು. ಮುಖ್ಯ ಅತಿಥಿ ಅದನ್ನು 'ಮಕ್ಕಳಿಗೆ ವಿಜ್ಞಾನ ಕಲಿಸುವ ಪುಸ್ತಕ' ಎಂದು ಹೊಗಳುವಾಗ ಪಕ್ಕದ ಹಿರಿಯರು ನನ್ನತ್ತ ಬಾಗಿದರು.

"ಸರ, ಇದನ್ನ ಇಲ್ಲಿ ಕುಂತವರೊಳಗ ಯಾರ್ ಓದ್ಯಾರ?"

"ನಾ ಓದೀನ್ರಿ."

"ನಾನೂ ಓದೀನಿ. ಮ್ಯಾಲ ಕುಂತವರು?"

ಹಿಡಕಲ್ ಜಲಾಶಯ ಬತ್ತಿದ ಎಷ್ಟೋ ವರ್ಷದ ಮೇಲೆ ಹುಟ್ಟಿದ ಮಗಳಿಗೆ ತಾಯಿಯೊಬ್ಬಳು ಘಟಪ್ರಭೆ ಹರಿಯುತ್ತಿದ್ದದ್ದನ್ನು ಹೇಳುವ ಕಥೆ ಅದರಲ್ಲಿದೆ. ಅದನ್ನು ಓದಿದ ಯಾರೂ ಮಕ್ಕಳ ಪಾಠ ಅನ್ನಲಾರರು. ಆ ಅತಿಥಿ ಕೆಟ್ಟವರೇನಲ್ಲ, ಆದರೆ ಪುಟ ತೆರೆದಿರಲಿಲ್ಲ. ಕಥೆ ಬರೆದ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು.

'ಮ್ಯಾಲ ಕುಂತವರು?' ವಾರವಿಡೀ ಅದೇ ಮಾತು ತಲೆಯಲ್ಲಿ.

ಓದುಗರೇ ಕೊಡುವ ಪ್ರಶಸ್ತಿಯೂ ಒಂದಿದೆ. ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ, ಅಂದರೆ ವರ್ಲ್ಡ್‌ಕಾನ್, 1953ರಲ್ಲಿ ಫಿಲಡೆಲ್ಫಿಯಾದಲ್ಲಿ ಹ್ಯೂಗೋ ಪ್ರಶಸ್ತಿ ಶುರು ಮಾಡಿತು. ಅಲ್ಲಿ ತೀರ್ಪುಗಾರರ ಸಮಿತಿಯೇ ಇಲ್ಲ. ಶುಲ್ಕ ಕಟ್ಟಿ ಸದಸ್ಯರಾದ ಓದುಗರೇ ಹೆಸರು ಸೂಚಿಸುತ್ತಾರೆ, ಅವರೇ ಮತ ಹಾಕುತ್ತಾರೆ. 2015ರಲ್ಲಿ ಚೀನಾದ ಲಿಯು ಸಿಶಿನ್ ಅವರ ಅನುವಾದಿತ ಕಾದಂಬರಿಯನ್ನು ಗೆಲ್ಲಿಸಿದವರೂ ಅವರೇ. ಯಾವ ಕೃತಿಯೂ ಒಪ್ಪಿಗೆಯಾಗದಿದ್ದರೆ 'ಯಾರಿಗೂ ಬೇಡ' ಎನ್ನಲು ಮತಪತ್ರದಲ್ಲೇ ಜಾಗವಿದೆ. ಅದೇ ವರ್ಷ ಗುಂಪು ಕಟ್ಟಿಕೊಂಡು ತಮ್ಮವರ ಹೆಸರು ತುಂಬಿಸಿದವರಿಗೆ ಓದುಗರು ಐದು ವಿಭಾಗಗಳಲ್ಲಿ ಹಾಗೇ ಉತ್ತರ ಕೊಟ್ಟರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಕಾಸಿನ ಆಸೆಯಿಲ್ಲದೆ ಪುಸ್ತಕಗಳ ಬಗ್ಗೆ ಬರೆಯುವ ಅಭಿಮಾನಿಗೂ, ಅಂಥವರು ಹೊರತರುವ ಪುಟ್ಟ ಪತ್ರಿಕೆಗೂ ಹ್ಯೂಗೋದ ಅದೇ ರಾಕೆಟ್ ಆಕಾರದ ಪಾರಿತೋಷಕ ಸಿಗುವುದು. ನಮ್ಮಲ್ಲಿ ಓದುಗನಿಗೆ ಶಾಲು ಹೊದಿಸಿದ್ದನ್ನು ನಾನು ಕಂಡಿಲ್ಲ.

ಅಲ್ಲೂ ಅನ್ಯಾಯ ನಡೆದಿದೆ. 2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ನಡೆದ ಸಮ್ಮೇಳನದಲ್ಲಿ ಕೆಲವರ ಹೆಸರನ್ನು ಕಾರಣ ಹೇಳದೆ ಕೈಬಿಟ್ಟರು. ಆದರೆ ಮತ ಎಣಿಕೆಯ ವಿವರ ಪ್ರಕಟಿಸಲೇಬೇಕೆಂಬ ನಿಯಮವಿರುವುದರಿಂದ 2024ರ ಜನವರಿಯಲ್ಲಿ ಅದು ಬಯಲಾಯಿತು. ಬೆನ್ನು ಹತ್ತಿ ಕೇಳಿದವರೂ ಓದುಗರೇ. ನಮ್ಮ ಸಮಿತಿಗಳು ಯಾವ ಪುಸ್ತಕ ಏಕೆ ಬಿಟ್ಟವು ಎಂದು ಯಾರನ್ನು ಕೇಳೋಣ?

ನಮ್ಮೂರಿನ ಗ್ರಂಥಾಲಯದಲ್ಲಿ ದಿನಾ ಬಂದು ಓದುವವರಿದ್ದಾರೆ. ಮುಂದಿನ ವರ್ಷ ಅವರ ಕೈಗೂ ಒಂದೊಂದು ಮತಪತ್ರ ಕೊಡಲಿ. ಅದರ ಕೊನೆಯ ಸಾಲಿನಲ್ಲಿ 'ಯಾರಿಗೂ ಬೇಡ' ಎನ್ನುವುದೂ ಇರಲಿ.