ಹಳ್ಳದ ಕರೆಂಟು, 264 ಚದರಡಿ ಮನೆ

ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ಇಳಿದಾಗ ಮಳೆ ಜೋರಿತ್ತು. ಬ್ಯಾಗಿನಲ್ಲಿ ಒಂದು ಟೇಪು, ಒಂದು ನೋಟ್‌ಬುಕ್ಕು, ಅದರೊಳಗೆ ಎರಡು ವರ್ಷದಿಂದ ಬರೆದು ಅಳಿಸಿ ಮಾಡಿಕೊಂಡ ಒಂದು ಪುಟ್ಟ ಮನೆಯ ನಕ್ಷೆ. ಊರಲ್ಲಿ ನನ್ನ ಪಾಲಿಗೆ ಬಂದ ಹತ್ತು ಗುಂಟೆ ಜಾಗವಿದೆ. ಕರೆಂಟು ಕಂಬ ಅಲ್ಲಿಂದ ಬಹಳ ದೂರ. ದೊಡ್ಡಮ್ಮನ ಮಗಳು ಅಕ್ಕ ಮತ್ತು ಭಾವ ಅಂಥದ್ದೇ ಜಾಗದಲ್ಲಿ, ಅಂಥದ್ದೇ ಪುಟ್ಟ ಮನೆ ಕಟ್ಟಿಕೊಂಡು ಆರು ವರ್ಷವಾಯಿತು. "ನೋಡೋದಾದ್ರೆ ಮಳೆಗಾಲದಲ್ಲಿ ಬಂದು ನೋಡು" ಅಂದಿದ್ದರು ಭಾವ. ಹಾಗಾಗಿ ಆಗಸ್ಟಿನಲ್ಲೇ ಹೊರಟೆ.

ಬಸ್ಸು ಹೊಳೆಬಾಗಿಲಿಗೆ ಬಂತು. ಮೊದಲೆಲ್ಲ ಇಲ್ಲಿ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ತೆರೆದಿದ್ದರಿಂದ ಈಗ ಎರಡೂವರೆ ಕಿಲೋಮೀಟರಿನಷ್ಟು ದೂರ ನೀರಿನ ಮೇಲೇ ಹೋಗಬಹುದು. ಕೆಳಗೆ ಶರಾವತಿ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಇಲ್ಲಿ ಎಷ್ಟೋ ಊರು, ತೋಟ, ಗದ್ದೆ ಮುಳುಗಿದವು. ನಾಡಿಗೆಲ್ಲ ಕರೆಂಟು ಕೊಟ್ಟ ನೀರು ಇದು, ಆದರೆ ಇದರ ದಡದಲ್ಲಿ ಉಳಿದವರು ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಕಾಲ ಕಳೆದರು. ಕಿಟಕಿಯಿಂದ ಆ ನೀರು ನೋಡುವಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬಸ್ಸಿಳಿದು ಮುಕ್ಕಾಲು ಗಂಟೆ ನಡೆದೆ. ಕಾಲಿಗೆ ಐದಾರು ಉಂಬಳ, ಅಂದರೆ ನೆತ್ತರು ಹೀರುವ ಜಿಗಣೆ. ಮನೆ ಕಂಡಾಗ ಮೊದಲು ಅನಿಸಿದ್ದು, ಇಷ್ಟು ದೊಡ್ಡ ಮಾಡಿನ ಕೆಳಗೆ ಇಷ್ಟು ಚಿಕ್ಕ ಮನೆಯಾ ಅಂತ.

"ಬಾ ತಮ್ಮಾ, ಆಸರಿಗೆ ಏನು ಬೇಕು?" ಅಂತ ಅಕ್ಕ ಬೆಲ್ಲ, ನೀರು ತಂದಿಟ್ಟಳು. ನಾನು ಕುಡಿದವನೇ ಟೇಪು ತೆಗೆದೆ. ಒಳಗಿನ ಅಳತೆ ಹನ್ನೆರಡು ಅಡಿ ಅಗಲ, ಇಪ್ಪತ್ತೆರಡು ಅಡಿ ಉದ್ದ. ಒಟ್ಟು 264 ಚದರಡಿ ಅಷ್ಟೆ. ಗೋಡೆ ಜಂಬಿಟ್ಟಿಗೆ ಕಲ್ಲಿನದು, ಮೇಲೆ ಹಳೇ ಮನೆ ಕೆಡವಿದವರಿಂದ ಕೊಂಡ ಮಂಗಳೂರು ಹಂಚು, ಅದೇ ಮನೆಯ ಪಕಾಸಿ. ಆದರೆ ಎರಡು ಬದಿಗೆ ಆರಾರು ಅಡಿ ಜಗಲಿ ಇದೆ, ಅದರಾಚೆಗೂ ಮಾಡು ಚಾಚಿದೆ. ಸೌದೆ, ಒಣಹಾಕಿದ ಬಟ್ಟೆ, ಗಂಬೂಟು, ಅಡಿಕೆ ಹಾಳೆ, ಕತ್ತಿ, ಊಟ, ಮಧ್ಯಾಹ್ನದ ನಿದ್ದೆ, ಎಲ್ಲಾ ಜಗಲಿಯಲ್ಲೇ. ಎರಚಲು ಬರುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದ್ದಾರೆ, ದೀಪಾವಳಿ ಹೊತ್ತಿಗೆ ಬಿಚ್ಚುತ್ತಾರಂತೆ. ನನ್ನ ನಕ್ಷೆಯಲ್ಲಿ ಜಗಲಿಯೇ ಇರಲಿಲ್ಲ. ಮಡಚುವ ಮಂಚ, ಮೆಟ್ಟಿಲ ಕೆಳಗೆ ಡ್ರಾಯರು, ಮೇಲೆ ಮಲಗಲು ಅಟ್ಟ ಇದ್ದವು. ಮಲೆನಾಡಿನ ಜೂನ್, ಜುಲೈನಲ್ಲಿ ನಾಲ್ಕು ಗೋಡೆಯೊಳಗೆ ಒದ್ದೆ ಬಟ್ಟೆ ಹರವಿಕೊಂಡು ಆ ಮಂಚ ಎಲ್ಲಿ ಬಿಚ್ಚುತ್ತಿದ್ದೆ ಹೇಳಿ?

ಅಟ್ಟ ಇವರಲ್ಲೂ ಇದೆ, ಆದರೆ ಅಡುಗೆಯ ಮೇಲೆ. ಒಲೆಯ ಬಿಸಿಗೆ ಅದು ಮಳೆಗಾಲದಲ್ಲೂ ಒಣಗಿರುತ್ತದೆ, ಹಾಗಾಗಿ ಕಾಳುಮೆಣಸು, ಅಕ್ಕಿ, ಹಪ್ಪಳದ ಡಬ್ಬ ಅಲ್ಲಿ. ಜನ ಮಲಗುವುದು ಕೆಳಗೆ. ಒಲೆ ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಮಾಡಿದ್ದು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಸೌದೆ ಕಡಿಮೆ ಸಾಕು. ಅಕ್ಕನ ಮನೆ ಗೋಡೆಗೆ ಮಸಿಯೇ ಇಲ್ಲ.

ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ಭಾವ ಹಳ್ಳಕ್ಕೆ ಕರೆದುಕೊಂಡು ಹೋದರು. ಮನೆ ಕಟ್ಟಿದ ವರ್ಷ ಬರೀ ಸೋಲಾರ್ ಹಾಕಿಸಿದ್ದರು. ಹಾಕಿಕೊಟ್ಟವರು ವರ್ಷವಿಡೀ ತೊಂದರೆ ಇಲ್ಲ ಅಂದಿದ್ದರಂತೆ. ಜೂನ್ ಮೂರನೇ ವಾರಕ್ಕೆ ಬ್ಯಾಟರಿ ಖಾಲಿ, ತಿಂಗಳುಗಟ್ಟಲೆ ಖಾಲಿ ಬಿದ್ದು ಬಿದ್ದು ಅದು ಸತ್ತೇ ಹೋಯಿತು. ಹದಿನೆಂಟು ಸಾವಿರ ರೂಪಾಯಿ ಹೋಯ್ತು ಅಂತ ಅಕ್ಕ ಈಗಲೂ ಬೇಜಾರು ಮಾಡಿಕೊಳ್ಳುತ್ತಾಳೆ. ಇಲ್ಲಿ ಬಿಸಿಲಿಲ್ಲದ ಮೂರು ತಿಂಗಳಿಗೆ ಮನೆಯ ಹಿಂದೆಯೇ ಹಳ್ಳ ಹರಿಯುತ್ತಿತ್ತು, ಅದನ್ನು ಮೊದಲೇ ನೋಡಬೇಕಿತ್ತು ಅಲ್ವಾ?

ಈಗ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ಅದರ ರಭಸಕ್ಕೆ ತಿರುಗುವ ಚಕ್ರದಿಂದ, ಅಂದರೆ ಟರ್ಬೈನಿನಿಂದ, ಕರೆಂಟು ಮಾಡಿಕೊಳ್ಳುತ್ತಾರೆ. ಲೆಕ್ಕ ಬಹಳ ಸುಲಭ. ಸೆಕೆಂಡಿಗೆ ಒಂದು ಲೀಟರ್ ನೀರು ಹತ್ತು ಮೀಟರ್ ಎತ್ತರದಿಂದ ಬಿದ್ದರೆ ಅದರಲ್ಲಿ ಸುಮಾರು 98 ವ್ಯಾಟ್ ಶಕ್ತಿ ಇರುತ್ತದೆ. ಪೈಪು, ಟರ್ಬೈನು, ಡೈನಮೋದಲ್ಲಿ ಸೋರಿ ಹೋಗುವುದು ಕಳೆದರೆ ಅರ್ಧ ಕೈಗೆ ಸಿಗುತ್ತದೆ. ಇವರದು 18 ಮೀಟರ್ ಎತ್ತರ, ಸೆಕೆಂಡಿಗೆ ನಾಲ್ಕು ಲೀಟರ್. ಅಂದರೆ 350 ವ್ಯಾಟ್. ಕಡಿಮೆ ಅನಿಸಬಹುದು, ಆದರೆ ಹಗಲು ರಾತ್ರಿ ಬರುತ್ತದೆ, ದಿನಕ್ಕೆ ಎಂಟು ಯೂನಿಟ್ಟು! ಲೈಟು, ಮೊಬೈಲು, ಲ್ಯಾಪ್‌ಟಾಪು, ಚಿಕ್ಕ ಫ್ರಿಜ್ಜು ಸೇರಿ ಮನೆಗೆ ಬೇಕಾಗುವುದು ಎರಡು. ಉಳಿದದ್ದು ಬಚ್ಚಲಿನ ಡ್ರಮ್ಮಿನ ಹೀಟರಿಗೆ ಹೋಗುತ್ತದೆ.

ನಾನು ಟರ್ಬೈನಿನ ಡಬ್ಬಿಯೊಳಗೆ ಬಗ್ಗಿ ನೋಡಿದೆ. ಬೆರಳು ದಪ್ಪದ ನಳಿಕೆ, ಅದರಿಂದ ನೀರು ಬಿಳಿ ಕಡ್ಡಿಯ ಹಾಗೆ ನೆಟ್ಟಗೆ ಚಿಮ್ಮುತ್ತದೆ, ಎದುರಿಗೆ ಸೌಟಿನಂಥ ಪುಟ್ಟ ಬಟ್ಟಲುಗಳ ಚಕ್ರ. ಕೈಯಿಟ್ಟರೆ ಡಬ್ಬಿಯೇ ನಡುಗುತ್ತಿತ್ತು. ಮೇಲೆ ನೀರು ಪೈಪಿಗೆ ಇಳಿಯುವಲ್ಲಿ ಜಾಲರಿ, ಅದರ ತುಂಬ ಒಣಗಿದ ಎಲೆ, ಒಂದು ಏಡಿ. ಭಾವ ಏಡಿಯನ್ನು ಎತ್ತಿ ಪಕ್ಕಕ್ಕೆ ಬಿಟ್ಟು ಎಲೆ ಬಳಿದರು. ದಿನಕ್ಕೆ ಎರಡು ಸಲ ಈ ಕೆಲಸ ಮಾಡಬೇಕು. ಇದು ನನಗೆ ಯಾರೂ ಹೇಳಿರಲಿಲ್ಲ.

ರಾತ್ರಿ ಊಟದ ನಡುವೆ ಲೈಟು ಸಣ್ಣಗಾಯಿತು. ಭಾವ ಏನೂ ಮಾತಾಡದೆ ಕಂಬಳಿಕೊಪ್ಪೆ ಹಾಕಿಕೊಂಡು, ಟಾರ್ಚ್ ಹಿಡಿದು ಹೋದರು. ಹತ್ತು ನಿಮಿಷಕ್ಕೆ ಬೆಳಕು ಮತ್ತೆ ತುಂಬಿಕೊಂಡಿತು. ನಾವು ಅವರಿಗೆ ಕಾದು, ಬಂದ ಮೇಲೆ ಮಜ್ಜಿಗೆ ಹಾಕಿಕೊಂಡೆವು.

ಹಳ್ಳ ಜನವರಿಗೆ ಸಣ್ಣಗಾಗುತ್ತದೆ. ಆಗ 330 ವ್ಯಾಟಿನ ಎರಡು ಪ್ಯಾನೆಲ್ ಕೆಲಸಕ್ಕೆ ಬರುತ್ತವೆ, ದೋಸೆ ಹಿಟ್ಟು ರುಬ್ಬುವುದನ್ನು ಅಕ್ಕ ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ಇಟ್ಟುಕೊಳ್ಳುತ್ತಾಳೆ. ನೀರಿನದೂ ಹಾಗೇ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಇವರ ಮಾಡು ಜಗಲಿ ಸೇರಿ ಸುಮಾರು 55 ಚದರ ಮೀಟರ್. ನೂರು ಮಿಲಿಮೀಟರ್ ಸುರಿದ ದಿನ ಐದೂವರೆ ಸಾವಿರ ಲೀಟರ್ ಬರುತ್ತದೆ. ಜಗಲಿಯ ಕೆಳಗೇ 15,000 ಲೀಟರಿನ ಟ್ಯಾಂಕು ಕಟ್ಟಿದ್ದಾರೆ. ಇಬ್ಬರಿಗೆ ದಿನಕ್ಕೆ 120 ಲೀಟರ್ ಅಂದರೆ ನಾಲ್ಕು ತಿಂಗಳು. ಬಚ್ಚಲ ನೀರು ಬಾಳೆಗೆ, ಕೆಸುವಿಗೆ ಹೋಗುತ್ತದೆ.

ಬೆಳಿಗ್ಗೆ ಜಗಲಿಯಲ್ಲಿ ಕೂತು ನಕ್ಷೆಯ ಹೊಸ ಹಾಳೆ ತೆಗೆದೆ. ಮೊದಲು ಮಾಡು ಬರೆದೆ, ಆಮೇಲೆ ಜಗಲಿ, ಅದರ ಕೆಳಗೆ ಟ್ಯಾಂಕು. ಕೋಣೆ ಕೊನೆಗೆ. ಭಾವ ಪಕ್ಕದಲ್ಲಿ ಕವಳ ಹಾಕುತ್ತಾ ನೋಡುತ್ತಿದ್ದರು. ನನ್ನ ಜಾಗದಲ್ಲಿ ಹಳ್ಳ ಇದೆಯಾ ಅಂತ ಕೇಳಿದರು. ಇಲ್ಲ, ಆದರೆ ಗಾಳಿ ಚೆನ್ನಾಗಿದೆ, ಬಿಸಿಲು ಜಾಸ್ತಿ ಅಂದೆ.

"ಹಾಗಾದ್ರೆ ಈಗ್ಲೇ ಕಟ್ಬೇಡ. ಒಂದು ಮಳೆಗಾಲ, ಒಂದು ಬೇಸಿಗೆ ಅಲ್ಲಿ ಹೋಗಿ ಇದ್ದು ನೋಡು. ಇಲ್ಲಿಗೂ ಮಾರ್ಚಲ್ಲಿ ಇನ್ನೊಂದ್ಸಲ ಬಾ. ಟ್ಯಾಂಕಿನ ತಳ ಕಾಣೋ ಹೊತ್ತಲ್ಲಿ ನಾವು ಹೇಗಿರ್ತೀವಿ ಅನ್ನೋದನ್ನೂ ನೋಡ್ಬೇಕಲ್ಲ."

ಮಾರ್ಚ್ ಎರಡನೇ ವಾರಕ್ಕೆ ಬರುತ್ತೇನೆ ಅಂತ ಹೇಳಿ ಬಂದಿದ್ದೇನೆ.