ಜ್ವರ ಇಳಿದರೂ ಮಂಕು ಇಳಿಯದಿದ್ದರೆ

ಮುಳಬಾಗಿಲು ಕಡೆಯ ಹಳ್ಳಿಯಿಂದ ಎಂಟು ವರ್ಷದ ಹುಡುಗನನ್ನು ಕರೆತಂದ ತಾಯಿ ಹೇಳಿದ್ದು ಇಷ್ಟು: "ಮೂರು ದಿನದಿಂದ ಜ್ವರ ಐತೆ ಸಿಸ್ಟರ್. ಬೆಳಿಗ್ಗೆಯಿಂದ ಅವರಕ್ಕನ್ನೇ ಯಾರು ಅಂತ ಕೇಳ್ತಾವ್ನೆ."

ಪ್ಯಾರಾಸಿಟಮಾಲ್‌ಗೆ ಜ್ವರ ಇಳಿದಿತ್ತು, ಮಂಕು ಇಳಿದಿರಲಿಲ್ಲ. ತಾಯಿ ಕೊಟ್ಟ ನೀರಿನ ಲೋಟ ಹಿಡಿದವನು ಬಾಯಿಗೆ ಎತ್ತುವುದನ್ನೇ ಮರೆತ. ಲೋಟ ವಾಲಿ ಚಡ್ಡಿ ನೆನೆದರೂ ಅಲುಗಲಿಲ್ಲ.

ತಲೆನೋವು, ವಾಂತಿ ಎಷ್ಟೋ ಜ್ವರಗಳಲ್ಲಿ ಇರುತ್ತವೆ. ಆದರೆ ಜ್ವರದ ಜೊತೆ ತಬ್ಬಿಬ್ಬು, ಎಬ್ಬಿಸಿದರೂ ಮತ್ತೆ ನಿದ್ದೆಗೆ ಜಾರುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಫಿಟ್ಸ್ ಇವುಗಳಲ್ಲಿ ಒಂದು ಕಂಡರೂ ಮೆದುಳು ಜ್ವರವೆಂದೇ ಅನುಮಾನಿಸಬೇಕು. ಹಸುಗೂಸು ಹಾಲು ಬಿಟ್ಟು ಕೀರಲು ದನಿಯಲ್ಲಿ ಅಳುತ್ತದೆ, ನೆತ್ತಿ ಉಬ್ಬಿರುತ್ತದೆ. ಮೆದುಳಿಗೆ ಹರ್ಪಿಸ್ ವೈರಸ್ ತಗುಲಿದ ದೊಡ್ಡವರು ಇದ್ದಕ್ಕಿದ್ದಂತೆ ರೇಗುತ್ತಾರೆ, ಇಲ್ಲದ ವಾಸನೆ ಬರುತ್ತಿದೆ ಎನ್ನುತ್ತಾರೆ. ಆಗ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಲು ಓಡಾಡಿದರೆ ಒಂದು ರಾತ್ರಿ ಹೋಯಿತು. ಆ ರಾತ್ರಿಯ ಬೆಲೆ ದೊಡ್ಡದು. ಹರ್ಪಿಸ್‌ಗೆ ಏಸೈಕ್ಲೋವಿರ್ ಔಷಧ ಇದೆ: 8 ಗಂಟೆಗೊಮ್ಮೆ ನರಕ್ಕೆ ಇಂಜೆಕ್ಷನ್, 14ರಿಂದ 21 ದಿನ. ಬೆನ್ನುಮೂಳೆಯಿಂದ ತೆಗೆದ ನೀರಿನ ವರದಿಗೆ ಕಾಯದೆ ಶುರುಮಾಡುವುದು ಅದಕ್ಕೇ. ಸೊಳ್ಳೆಯಿಂದ ಬರುವ ಮೆದುಳು ಜ್ವರ ಜಪಾನೀಸ್ ಎನ್ಸೆಫಲೈಟಿಸ್‌ಗೆ (ಜೆಇ) ನೇರ ಔಷಧವಿಲ್ಲ. ಫಿಟ್ಸ್, ಉಸಿರಾಟ, ಸಕ್ಕರೆ, ಮೆದುಳಿನ ಊತ ನೋಡಿಕೊಳ್ಳುವುದೇ ಚಿಕಿತ್ಸೆ.

ಹಾಸಿಗೆಗೆ ಹಾಕುವಷ್ಟರಲ್ಲಿ ಹುಡುಗನಿಗೆ ಫಿಟ್ಸ್ ಬಂತು. ತಾತ ಬೀಗದ ಕೈ ಹಿಡಿಸಲು ಬಂದರು. ಕಬ್ಬಿಣದಿಂದ ಏನೂ ಆಗುವುದಿಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ, ಗಡಿಯಾರ ನೋಡಿ. ಮನೆಯಲ್ಲೇ ಬಂದರೆ ನಿಲ್ಲುವವರೆಗೆ ಕಾಯದೆ 108ಕ್ಕೆ ಫೋನ್ ಮಾಡಿ. 5 ನಿಮಿಷ ದಾಟಿದರೆ ತಾನಾಗಿ ನಿಲ್ಲುವುದು ಕಷ್ಟ. "ಜ್ವರಕ್ಕೆ ಬರೋ ಫಿಟ್ಸೇ ಅಲ್ವಾ?" ಎಂದರು ತಾತ. ಅದು ಸಾಮಾನ್ಯವಾಗಿ 6 ತಿಂಗಳಿಂದ 5 ವರ್ಷದೊಳಗೆ ಬರುತ್ತದೆ. ಬೇಗ ನಿಂತು, ಸ್ವಲ್ಪ ಹೊತ್ತಿಗೆ ಮಗು ಅಮ್ಮನನ್ನು ಗುರುತಿಸುತ್ತದೆ. ಇವನಿಗೆ ಎಂಟು ವರ್ಷ, ಮಂಕು ಮೊದಲೇ ಇತ್ತು.

ಮನೆ ಕೆರೆ ಕೆಳಗಿನ ಭತ್ತದ ಗದ್ದೆಗಳ ಪಕ್ಕ, ಹತ್ತಿರದಲ್ಲೇ ಹಂದಿಗಳು. ಗದ್ದೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಹಂದಿ, ಬೆಳ್ಳಕ್ಕಿಗಳಿಂದ ಜೆಇ ವೈರಸ್ ತರುತ್ತದೆ. ಕಚ್ಚಿದ 5ರಿಂದ 15 ದಿನಕ್ಕೆ ಜ್ವರ. ತಾಯಿ ಕಾರ್ಡಿನಲ್ಲಿ 9 ತಿಂಗಳ ಜೆಇ ಲಸಿಕೆಗೆ ಗುರುತಿತ್ತು, 16ರಿಂದ 24 ತಿಂಗಳೊಳಗಿನ ಎರಡನೆಯದರ ಜಾಗ ಖಾಲಿ.

ಕೋಲಾರಕ್ಕೆ ಕಳಿಸುವ ಚೀಟಿಯಲ್ಲಿ ಜ್ವರ ಶುರುವಾದ ದಿನ, ಫಿಟ್ಸ್ ಎಷ್ಟು ನಿಮಿಷ, ಕೊಟ್ಟ ಔಷಧ ಎಲ್ಲ ಬರೆದಾಯಿತು. ಮಂಕು ಕಂಡದ್ದು ಯಾವಾಗ ಎಂದರೆ ತಾಯಿ ತಡವರಿಸಲಿಲ್ಲ: "ಆರೂವರೆಗೆ, ಹಾಲು ಕೊಟ್ಟಾಗ." ಚೀಟಿಯ ಮೊದಲ ಸಾಲಿನಲ್ಲಿ ಅದನ್ನೇ ಬರೆದೆವು.