ದವಡೆ ಹಲ್ಲಿನ ಕಾಂಪೋಸಿಟ್ ಫಿಲ್ಲಿಂಗ್ ಮೌಲ್ಯಮಾಪನ: ಯೋಜನೆಯ ಪ್ರಗತಿ ಟಿಪ್ಪಣಿ

ಈಗಿನ ಸ್ಥಿತಿ

ದವಡೆ ಹಲ್ಲಿಗೆ ಹಾಕಿದ ಕಾಂಪೋಸಿಟ್ (ಹಲ್ಲಿನ ಬಣ್ಣದ ರೆಸಿನ್) ಫಿಲ್ಲಿಂಗ್‌ಗಳು ಎಷ್ಟು ಕಾಲ, ಎಷ್ಟು ಚೆನ್ನಾಗಿ ಉಳಿಯುತ್ತವೆ ಎಂದು ನೋಡುವ ಯೋಜನೆ ಇದು. ದಾಖಲೆ ಫಾರಂ ಅಂತಿಮವಾಗಿದೆ. ಪರೀಕ್ಷಕರಿಬ್ಬರ ಕ್ಯಾಲಿಬ್ರೇಷನ್ (ಇಬ್ಬರೂ ಒಂದೇ ರೀತಿ ಅಂಕ ಕೊಡುವಂತೆ ಹೊಂದಿಸುವ ಅಭ್ಯಾಸ) ಎರಡನೇ ಸುತ್ತಿನಲ್ಲಿದೆ. ಲೆಕ್ಕ ಹಾಕುವ ವಿಧಾನವನ್ನೂ ಮೊದಲೇ ಬರೆದಿಟ್ಟಾಗಿದೆ.

ಫಿಲ್ಲಿಂಗ್ ಬಾಯಲ್ಲಿ ಉಳಿದಿದೆ ಎಂದ ಮಾತ್ರಕ್ಕೆ ಅದು ಸರಿಯಾಗಿದೆ ಎಂದಲ್ಲ. ತಿರುಗಿಸಿ ನೋಡಿದರೂ ಅಷ್ಟೇ: ಕಿತ್ತು ಹಾಕಿದ ಫಿಲ್ಲಿಂಗ್‌ಗಳೆಲ್ಲ ಕೆಟ್ಟಿರುವುದಿಲ್ಲ. ಅಂಚಿನ ಕಂದು ಕಲೆಯನ್ನೇ ಹುಳುಕೆಂದು ತಿಳಿದು ತೆಗೆದುಹಾಕಿದರೂ ದಾಖಲೆಯಲ್ಲಿ ಅದು ‘ವೈಫಲ್ಯ’ವೇ. ಸಾಮಗ್ರಿಯನ್ನು ಅಳೆಯುವ ಮುಂಚೆ ನೋಡುವ ಕಣ್ಣನ್ನು ಅಳೆಯಬೇಕು. ಸಮಯ ಹೆಚ್ಚು ಹೋಗಿರುವುದೂ ಇದಕ್ಕೇ.

ಅಳತೆಗೋಲು

1971ರ ರೈಗೆ ಮಾನದಂಡ ಸರಳ: ಆಲ್ಫಾ (ಉತ್ತಮ), ಬ್ರಾವೋ (ಸ್ವಲ್ಪ ದೋಷ, ಆದರೂ ಒಪ್ಪಬಹುದು), ಚಾರ್ಲಿ (ಒಪ್ಪಲಾಗದು). ತೊಂದರೆಯೇನೆಂದರೆ, ಇವತ್ತಿನ ಕಾಂಪೋಸಿಟ್‌ಗಳಿಗೆ ಮೊದಲ ಒಂದೆರಡು ವರ್ಷ ಬಹುಪಾಲು ಆಲ್ಫಾ ಅಂಕವೇ ಬೀಳುತ್ತದೆ, ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ 2007ರಲ್ಲಿ ಬಂದು 2010 ಮತ್ತು 2023ರಲ್ಲಿ ಪರಿಷ್ಕರಣೆಯಾದ ಎಫ್‌ಡಿಐ (ವಿಶ್ವ ದಂತ ಒಕ್ಕೂಟ) ಮಾನದಂಡ ಆರಿಸಿಕೊಂಡಿದ್ದೇವೆ. ಅದರಲ್ಲಿ ಐದು ಮೆಟ್ಟಿಲು. 1ರಿಂದ 3ರವರೆಗೆ ಹಾಗೇ ಬಿಡಬಹುದು, 4 ಬಂದರೆ ದುರಸ್ತಿ, 5 ಬಂದರೆ ಬದಲಾವಣೆ. 4 ಮತ್ತು 5ರ ನಡುವಿನ ಆ ಗೆರೆಯೇ ಇದರ ದೊಡ್ಡ ಲಾಭ, ಏಕೆಂದರೆ ದುರಸ್ತಿಯಾಗುವ ಫಿಲ್ಲಿಂಗನ್ನು ಪೂರ್ತಿ ಕೊರೆದು ತೆಗೆದರೆ ಅದರ ಜೊತೆ ಗಟ್ಟಿ ಹಲ್ಲೂ ಹೋಗುತ್ತದೆ.

ಅಂಚಿನ ಬಿರುಕಿಗೆ 150 ಮತ್ತು 250 ಮೈಕ್ರೋಮೀಟರ್ ತುದಿಯ ಪ್ರೋಬ್‌ಗಳನ್ನು ಬಳಸುತ್ತೇವೆ. ಸಾಮಾನ್ಯ ಎಕ್ಸ್‌ಪ್ಲೋರರ್ (ಹಲ್ಲನ್ನು ತಡವಿ ನೋಡುವ ಚೂಪು ಕೊಕ್ಕೆ) ‘ಸಿಕ್ಕಿಕೊಂಡಿತು’ ಎಂಬುದಕ್ಕೆ ಬೆಲೆ ಕಡಿಮೆ. ಅಂಚಿನಾಚೆ ಉಳಿದ ಕಾಂಪೋಸಿಟ್‌ನ ತೆಳು ಪದರಕ್ಕೂ ಅದು ಸಿಕ್ಕಿಕೊಳ್ಳುತ್ತದೆ, ಅದನ್ನು ಪಾಲಿಶ್ ಮಾಡಿದರೆ ಸಾಕು.

ಕುರ್ಚಿಯ ಬಳಿ ಅನುಸರಿಸುವ ಕ್ರಮ

ಮೊದಲು ಬಣ್ಣ. ಗಾಳಿ ಊದುವ ಮುಂಚೆ, ಹಲ್ಲು ಒದ್ದೆಯಿರುವಾಗಲೇ ನೋಡಬೇಕು. ಒಣಗಿದ ಎನಾಮಲ್ (ಹಲ್ಲಿನ ಹೊರ ಕವಚ) ಬೆಳ್ಳಗಾಗುತ್ತದೆ, ಸರಿಯಾಗಿ ಹೊಂದಿದ್ದ ಫಿಲ್ಲಿಂಗ್ ಕಪ್ಪಾಗಿ ಕಾಣುತ್ತದೆ. ಆಮೇಲೆ ರಬ್ಬರ್ ಕಪ್, ಪ್ಯೂಮಿಸ್‌ನಿಂದ ಶುಚಿ ಮಾಡಿ, ಒಣಗಿಸಿ, ಅಂಚು ನೋಡುವುದು. ಪಕ್ಕದ ಹಲ್ಲಿನ ಸಂಪರ್ಕವನ್ನು ಫ್ಲಾಸ್‌ನಿಂದ, ಕಚ್ಚುವಿಕೆಯನ್ನು ಆರ್ಟಿಕ್ಯುಲೇಟಿಂಗ್ ಪೇಪರ್‌ನಿಂದ (ಕಚ್ಚಿದ ಗುರುತು ಬೀಳಿಸುವ ಬಣ್ಣದ ಹಾಳೆ), ಜುಮ್ಮೆನ್ನುವಿಕೆಯನ್ನು ತಂಪು ಪರೀಕ್ಷೆಯಿಂದ ನೋಡಿ, ಕೊನೆಗೆ ಫೋಟೋ ಮತ್ತು ಬೈಟ್‌ವಿಂಗ್ ಎಕ್ಸ್‌ರೇ (ಮೇಲಿನ ಮತ್ತು ಕೆಳಗಿನ ಹಿಂದಿನ ಹಲ್ಲುಗಳು ಒಟ್ಟಿಗೆ ಕಾಣುವ ಚಿತ್ರ). ಫಿಲ್ಲಿಂಗ್ ಹಾಕಿದವರು ಅಂಕ ಕೊಡುವಂತಿಲ್ಲ.

ಬೇಸ್‌ಲೈನ್ ಪರೀಕ್ಷೆ, ಅಂದರೆ ಮುಂದಿನ ಹೋಲಿಕೆಗೆ ಆಧಾರವಾಗುವ ಮೊದಲ ಪರೀಕ್ಷೆ, ಫಿಲ್ಲಿಂಗ್ ಹಾಕಿದ ದಿನವೇ ಬೇಡ, ಒಂದೆರಡು ವಾರ ಬಿಟ್ಟು ಮಾಡಬೇಕು. ಮರಗಟ್ಟಿದ ಬಾಯಲ್ಲಿ ಕಚ್ಚುವಿಕೆ ಎತ್ತರವಾಗಿದೆಯೋ ಇಲ್ಲವೋ ರೋಗಿಗೆ ಹೇಳಲಾಗದು.

ಬೈಟ್‌ವಿಂಗ್‌ನ ಕಪ್ಪು ಗೆರೆ

ಕ್ಯಾಲಿಬ್ರೇಷನ್‌ನಲ್ಲಿ ಅತಿ ಹೆಚ್ಚು ಭಿನ್ನಾಭಿಪ್ರಾಯ ಬಂದದ್ದು ಇಲ್ಲಿ. ಎರಡು ಹಲ್ಲುಗಳ ನಡುವಿನ ಬಾಕ್ಸ್‌ನಲ್ಲಿ (ಫಿಲ್ಲಿಂಗ್‌ಗೆಂದು ಕೊರೆದ ಪೆಟ್ಟಿಗೆಯಾಕಾರದ ಗುಂಡಿ), ವಸಡಿನ ಕಡೆಯ ತಳದ ಮೇಲೆ, ಫಿಲ್ಲಿಂಗ್‌ನ ಬಿಳುಪಿಗೂ ಡೆಂಟಿನ್‌ಗೂ (ಎನಾಮಲ್ ಒಳಗಿನ ಪದರ) ಮಧ್ಯೆ ಕೂದಲೆಳೆಯಂಥ ಕಪ್ಪು ಗೆರೆ. ಒಬ್ಬರು ಹುಳುಕು ಅನ್ನುತ್ತಾರೆ, ಇನ್ನೊಬ್ಬರು ಬಾಂಡಿಂಗ್ (ಫಿಲ್ಲಿಂಗನ್ನು ಹಲ್ಲಿಗೆ ಅಂಟಿಸುವ ದ್ರವ) ಅನ್ನುತ್ತಾರೆ. ಇಬ್ಬರ ಮಾತೂ ಸರಿಯಿರಬಹುದು. ಬಾಂಡಿಂಗ್ ದ್ರವದಲ್ಲಿ ಫಿಲ್ಲರ್ (ಗಾಜಿನಂಥ ನುಣ್ಣನೆ ಕಣಗಳು) ಕಡಿಮೆ, ಹಾಗಾಗಿ ಎಕ್ಸ್‌ರೇಯಲ್ಲಿ ಕಪ್ಪಾಗಿ ಬೀಳುತ್ತದೆ. ಗಾಳಿ ಊದಿ ತೆಳುವಾಗಿಸದಿದ್ದರೆ ಮೂಲೆಯಲ್ಲಿ ಮಡುಗಟ್ಟುತ್ತದೆ. ಹೀಗೆ ನಿಂತದ್ದರ ಅಂಚು ಸ್ಪಷ್ಟವಾಗಿರುತ್ತದೆ, ವರ್ಷ ಕಳೆದರೂ ಬೆಳೆಯುವುದಿಲ್ಲ. ಹುಳುಕಿನ ಅಂಚು ಮಸುಕು, ಡೆಂಟಿನ್ ಕಡೆಗೆ ಹರಡುತ್ತದೆ. ಒಂದೇ ಚಿತ್ರ ನೋಡಿ ತೀರ್ಪು ಕೊಡುವುದು ಅಪಾಯ. ಅದೇ ಕೋನದಲ್ಲಿ ತೆಗೆದ ಬೇಸ್‌ಲೈನ್ ಚಿತ್ರದ ಪಕ್ಕದಲ್ಲಿಟ್ಟೇ ಅಂಕ ಕೊಡಬೇಕೆಂದು ನಿಯಮ ಮಾಡಿದ್ದೇವೆ. ಕೋನ ಬದಲಾಗದಿರಲು ಫಿಲ್ಮ್ ಹೋಲ್ಡರ್ ಕಡ್ಡಾಯ.

ಒಮ್ಮತದ ಲೆಕ್ಕ ಮೋಸ ಮಾಡುವ ಬಗೆ

ಒಂದು ಮಾದರಿ ಲೆಕ್ಕ. 50 ಫಿಲ್ಲಿಂಗ್‌ಗಳಲ್ಲಿ ಪರೀಕ್ಷಕರಿಬ್ಬರೂ ತಲಾ 45ಕ್ಕೆ ‘ಸರಿ’, 5ಕ್ಕೆ ‘ದೋಷ’ ಎಂದರು. 41ಕ್ಕೆ ಇಬ್ಬರೂ ಸರಿ ಎಂದರು, 1ಕ್ಕೆ ಇಬ್ಬರೂ ದೋಷ ಎಂದರು, ಉಳಿದ 8ರಲ್ಲಿ ಮಾತು ಹೊಂದಲಿಲ್ಲ. ಒಮ್ಮತ ಶೇ 84, ಕೇಳಲು ಚೆನ್ನಾಗಿದೆ. ಆದರೆ ಆಕಸ್ಮಿಕವಾಗಿಯೇ ಶೇ 82 ಹೊಂದುತ್ತಿತ್ತು. ಆಕಸ್ಮಿಕ ಹೊಂದಿಕೆಯನ್ನು ಕಳೆದು ಒಮ್ಮತ ಅಳೆಯುವ ಕೋಹೆನ್ ಕಪ್ಪಾ (1 ಎಂದರೆ ಪೂರ್ಣ ಒಮ್ಮತ, 0 ಎಂದರೆ ಬರೀ ಆಕಸ್ಮಿಕ) ಬರೀ 0.11! ದೋಷ ಗುರುತಿಸುವುದರಲ್ಲಿ ಇಬ್ಬರಿಗೂ ಹೊಂದಾಣಿಕೆ ತೀರಾ ಕಡಿಮೆ ಎಂದರ್ಥ. ಹಾಗಾಗಿ ಎರಡನೇ ಸುತ್ತಿನ ಫೋಟೋ ಗುಂಪಿಗೆ ದೋಷವಿರುವವನ್ನು ಬೇಕೆಂದೇ ಹೆಚ್ಚು ಸೇರಿಸಿದ್ದೇವೆ. ಐದು ಮೆಟ್ಟಿಲಿಗೆ ತೂಕವಿಟ್ಟ ಕಪ್ಪಾ (ಮೆಟ್ಟಿಲಿನ ಅಂತರ ದೊಡ್ಡದಾದಷ್ಟೂ ಭಿನ್ನಾಭಿಪ್ರಾಯಕ್ಕೆ ಹೆಚ್ಚು ತೂಕ) ಬಳಕೆ. 0.6ಕ್ಕಿಂತ ಕೆಳಗೆ ಬಂದ ಅಂಶಕ್ಕೆ ಮತ್ತೆ ತರಬೇತಿ.

ಹಾಕಿದ ದಿನದ ದಾಖಲೆ

ಇದಿಲ್ಲದೆ ವೈಫಲ್ಯದ ಕಾರಣ ಹುಡುಕುವುದು ಕತ್ತಲಲ್ಲಿ ತಡಕಾಡಿದಂತೆ. ರಬ್ಬರ್ ಡ್ಯಾಮ್ (ಹಲ್ಲಿಗೆ ಎಂಜಲು ತಾಗದಂತೆ ಹಾಕುವ ರಬ್ಬರ್ ಹಾಳೆ) ಇತ್ತೇ? ಬಾಂಡಿಂಗ್‌ಗೆ ಮುಂಚೆ ಹಚ್ಚುವ ಶೇ 37ರ ಫಾಸ್ಫಾರಿಕ್ ಆಮ್ಲ ಡೆಂಟಿನ್ ಮೇಲೆ 15 ಸೆಕೆಂಡ್ ದಾಟಿತೇ? ದಾಟಿದರೆ ರೆಸಿನ್ ಇಳಿಯದ ಕೊಲಾಜೆನ್ ಪದರ ಉಳಿದು ಹಲ್ಲು ಜುಮ್ಮೆನ್ನಬಹುದು. ಪದರದ ದಪ್ಪ ಎಷ್ಟು? ಸಾಮಾನ್ಯ ಕಾಂಪೋಸಿಟ್‌ಗೆ 2 ಮಿ.ಮೀ., ಬಲ್ಕ್‌ಫಿಲ್‌ಗೆ (ದಪ್ಪ ಪದರದಲ್ಲಿ ಹಾಕುವ ಕಾಂಪೋಸಿಟ್) ಹೆಚ್ಚಾಗಿ 4. ಬೆಳಕಿನಿಂದ ಫಿಲ್ಲಿಂಗನ್ನು ಗಟ್ಟಿಯಾಗಿಸುವ ಲೈಟ್ ಕ್ಯೂರ್ ಯಂತ್ರದ ಬಲವನ್ನು ರೇಡಿಯೋಮೀಟರ್‌ನಲ್ಲಿ ನೋಡಿ ಬರೆಯಬೇಕು. ತುದಿಯಲ್ಲಿ ಚದರ ಸೆಂ.ಮೀ.ಗೆ 1000 ಮಿಲಿವ್ಯಾಟ್ ತೋರಿಸಿದರೂ ಬಾಕ್ಸ್‌ನ ತಳ 7–8 ಮಿ.ಮೀ. ದೂರದಲ್ಲಿರುತ್ತದೆ, ಅಲ್ಲಿಗೆ ಮುಟ್ಟುವ ಬೆಳಕು ಬಹಳ ಕಡಿಮೆ. ತಳದ ಮೊದಲ ಪದರಕ್ಕೆ ಹೆಚ್ಚು ಸೆಕೆಂಡ್ ಕೊಟ್ಟದ್ದನ್ನು ಬೇರೆಯಾಗಿ ನಮೂದಿಸಬೇಕು.

ರೋಗಿಯ ಹುಳುಕಿನ ಅಪಾಯದ ಮಟ್ಟ, ಹಲ್ಲು ಕಡಿಯುವ ಅಭ್ಯಾಸ, ಉಳಿದ ಗೋಡೆಗಳ ಸಂಖ್ಯೆಯನ್ನೂ ಅದೇ ಹಾಳೆಯಲ್ಲಿ ಬರೆಯುತ್ತೇವೆ. ಹೊಸ ಹುಳುಕು ಮತ್ತು ಮುರಿತ, ಫಿಲ್ಲಿಂಗ್ ಸೋಲುವ ಮುಖ್ಯ ಕಾರಣ ಇವೆರಡೇ, ಮತ್ತು ಎರಡರಲ್ಲೂ ರೋಗಿಯ ಪಾಲು ದೊಡ್ಡದು. ಅದನ್ನು ಬರೆಯದೆ ಸಾಮಗ್ರಿಗಳನ್ನು ಹೋಲಿಸಿದರೆ ಅನ್ಯಾಯ.

ಅಂಕಿಗಳು

10 ವರ್ಷಕ್ಕೆ ಶೇ 60 ಉಳಿದರೆ ವಾರ್ಷಿಕ ವೈಫಲ್ಯ 40 ಭಾಗಿಸು 10, ಅಂದರೆ 4 ಎನ್ನುವುದು ತಪ್ಪು. 0.60ರ ಹತ್ತನೇ ಮೂಲವನ್ನು 1ರಿಂದ ಕಳೆಯಬೇಕು, ಉತ್ತರ ಶೇ 5. ತಪಾಸಣೆಗೆ ಬಾರದವರನ್ನು ‘ಗೆದ್ದವರು’ ಎಂದು ಎಣಿಸುವಂತಿಲ್ಲ, ಪೂರ್ತಿ ಬಿಟ್ಟುಬಿಡುವಂತೆಯೂ ಇಲ್ಲ. ಕೊನೆಯ ಭೇಟಿಯವರೆಗೆ ಕ್ಯಾಪ್ಲನ್–ಮೇಯರ್ ರೇಖೆಯಲ್ಲಿ (ಕಾಲ ಕಳೆದಂತೆ ಎಷ್ಟು ಪಾಲು ಉಳಿದಿದೆ ಎಂದು ತೋರಿಸುವ ರೇಖೆ) ಸೇರುತ್ತಾರೆ. ಒಬ್ಬರ ಬಾಯಲ್ಲೇ ಐದು ಫಿಲ್ಲಿಂಗ್ ಇದ್ದರೆ ಅವು ಐದು ಸ್ವತಂತ್ರ ಮಾದರಿಗಳಲ್ಲ, ಅದಕ್ಕೂ ಹೊಂದಾಣಿಕೆ ಬೇಕು. ದುರಸ್ತಿಯಾದವಕ್ಕೆ ಎರಡು ರೇಖೆ: ‘ಯಶಸ್ಸಿ’ನಲ್ಲಿ ಅವು ಸೋತವು, ‘ಉಳಿವಿ’ನಲ್ಲಿ ಇನ್ನೂ ಉಳಿದಿವೆ.

ಬಾಕಿ

ಎರಡನೇ ಸುತ್ತಿನ ಫೋಟೋಗಳಿಗೆ ಎರಡು ವಾರದ ಅಂತರದಲ್ಲಿ ಮತ್ತೆ ಅಂಕ ಕೊಡಿಸಿ, ಪರೀಕ್ಷಕರು ತಮ್ಮ ಮಾತಿಗೆ ತಾವೇ ಎಷ್ಟು ಹೊಂದುತ್ತಾರೆಂದು ನೋಡಬೇಕಿದೆ. ಫೋಟೋಗಳ ಹೊಳಪು ಅಂಚನ್ನು ಮರೆಮಾಡುತ್ತಿರುವುದರಿಂದ ಲೆನ್ಸ್ ಮತ್ತು ಫ್ಲಾಶ್‌ಗೆ ಅಡ್ಡ ಪೋಲರೈಸಿಂಗ್ ಫಿಲ್ಟರ್ ಹಾಕಬೇಕು. ಆಮೇಲೆ 6 ತಿಂಗಳ ತಪಾಸಣೆಯ ಕರೆಗಳು.